ಲೀಟರಿಗೆ ಹದಿಮೂರು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೇಮದ ಕಥೆ ಬರೆಯುವವರ ಕೈಯೇ ಬೇರೆ. ನನ್ನ ಉಗುರಿನ ಸಂದಿಯಲ್ಲಿ ಇಂದಿಗೂ ಗ್ರೀಸ್ ಇದೆ. ಬೆಂಗಳೂರಿನ ಸಂಜೆ ಕಾಲೇಜಿನಲ್ಲಿ ಎರಡು ವರ್ಷ ಕೂತದ್ದು ಬಿಟ್ಟರೆ, ನಾನು ಬರೆದದ್ದೆಲ್ಲ ಗ್ಯಾರೇಜಿನ ಜಾಬ್ ಕಾರ್ಡುಗಳ ಮೇಲೆ. ಅಲ್ಲಿ ಒಂದು ಅಕ್ಷರ ತಪ್ಪಿದರೆ ಯಾರದೋ ಬ್ರೇಕ್ ಹೋಗುತ್ತದೆ. ಇಲ್ಲಿ ತಪ್ಪಿದರೆ ಏನು ಹೋಗುತ್ತದೋ ತಿಳಿಯದು. ಅದಕ್ಕೇ ಭಯ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯಲು ನೋಡುತ್ತೇನೆ.

ಎಪ್ಪತ್ತಮೂರರ ಕೊನೆಗೆ ಪೆಟ್ರೋಲ್ ಬೆಲೆ ಒಮ್ಮೆಲೇ ಏರಿತಲ್ಲ, ಆಗಿನ ಮಾತು. ನಾನು ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ಅಪ್ಪಯ್ಯಣ್ಣನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಊರಲ್ಲಿ ಕಾರಿದ್ದವರು ಬೆರಳೆಣಿಕೆಯಷ್ಟು ಜನ. ಭಾನುವಾರ ಬೆಳಗ್ಗೆ ಅವರೆಲ್ಲ ಗ್ಯಾರೇಜಿನ ಮುಂದೆ ಹೊಂಗೆ ಮರದ ನೆರಳಿಗೆ ಬಂದು ಸೇರುವುದು, ಯಾರ ಕಾರು ಮೇಲು ಎಂದು ಜಗಳ ಆಡುವುದು ಒಂದು ವಾಡಿಕೆ. ಬೆಲೆ ಏರಿದ ಮೇಲೆ ಆ ಜಗಳಕ್ಕೆ ಜೀವ ಬಂತು.

"ನನ್ನ ಅಂಬಾಸಡರಲ್ಲಿ ಎಂಟು ಜನ ಕೂತು, ಮೇಲೆ ಎರಡು ಮೂಟೆ ರೇಷ್ಮೆಗೂಡು ಹೇರ್ಕೊಂಡು ಬರ್ತೀನಿ," ಎನ್ನುವರು ಪಿಳ್ಳಪ್ಪನವರು. ಅವರದು ನೂಲು ಹುರಿ ಮಾಡುವ ಫ್ಯಾಕ್ಟರಿ. "ನಿಮ್ಮ ಫಿಯಟ್ಟು ಹೊಸ ಮದುವಣಗಿತ್ತಿ ಥರ. ಹಳ್ಳ ಕಂಡ್ರೆ ನೆರಿಗೆ ಎತ್ಕೊಂಡು ನಿಂತ್ಬಿಡ್ತದೆ."

"ಎಂಟು ಜನಾನ ಕೂರಿಸ್ಕೊಂಡು ಎಲ್ಲಿಗಪ್ಪಾ ಹೋಗ್ತೀಯ? ಪೆಟ್ರೋಲ್ ಬಂಕಿಗೆ!" ಎನ್ನುವರು ಚಿಕ್ಕವೆಂಕಟಪ್ಪನವರು. "ಲೀಟರಿಗೆ ಒಂಬತ್ತು. ನಂದು ಹದಿಮೂರು."

ಸರ್ಕಾರಿ ಆಸ್ಪತ್ರೆಯ ಡಾಕ್ಟರು ತಮ್ಮ ಹೆರಾಲ್ಡ್ ಕಾರಿನ ಬಗ್ಗೆ ಬಾಯಿ ತೆರೆದರೆ ಇಬ್ಬರೂ ಒಂದಾಗಿಬಿಡುವರು. "ನಿಮ್ಮದು ಬಿಡಿ ಡಾಕ್ಟ್ರೇ. ಎರಡೇ ಬಾಗಿಲು. ಹಿಂದೆ ಕೂತೋರು ಇಳೀಬೇಕಾದ್ರೆ ಮುಂದೆ ಕೂತೋರು ಮನೆ ಖಾಲಿ ಮಾಡ್ಬೇಕು."

ಚಿಕ್ಕವೆಂಕಟಪ್ಪನವರದು ರೇಷ್ಮೆ ಬಿಚ್ಚುವ ಕಸುಬು. ಎಷ್ಟು ಗೂಡಿಗೆ ಎಷ್ಟು ನೂಲು ಬಂತು ಎಂದು ದಿನವೂ ತೂಗಿ ನೋಡುವ ಕಣ್ಣು. ಆ ಕಣ್ಣಲ್ಲೇ ಕಾರನ್ನೂ ನೋಡುತ್ತಿದ್ದರು. ಬುಕ್ ಮಾಡಿ ಏಳು ವರ್ಷ ಕಾದು ತಂದ ಕಾರು ಅದು. ಪ್ರತಿ ಶನಿವಾರ ಟ್ಯಾಂಕನ್ನು ಕುತ್ತಿಗೆ ಮಟ್ಟ ತುಂಬಿಸುವುದು, ಮೀಟರ್ ನೋಡುವುದು, ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಸುವುದು. ಬರೆಯುತ್ತಿದ್ದವಳು ಅವರ ಮಗಳು ಮುತ್ಯಾಲಮ್ಮ.

ಮನೆಯಲ್ಲಿ ಮುತ್ಯಾಲು. ಅಜ್ಜಿಯ ಹೆಸರಿಟ್ಟು ತನ್ನನ್ನು ಹುಟ್ಟಿದ ದಿನವೇ ಮುದುಕಿ ಮಾಡಿದರು ಎಂದು ಅವಳಿಗೆ ಸಿಟ್ಟು. ನನಗೆ ಮಾತ್ರ ಆ ಹೆಸರು ಹೇಳುವಾಗ ಬಾಯಲ್ಲಿ ಏನೋ ಉರುಳಿದ ಹಾಗಾಗುತ್ತಿತ್ತು. ಜೋರಾಗಿ ಹೇಳಿದ್ದಿಲ್ಲ. ಕಾರಿನ ಕೆಳಗೆ ಮಲಗಿದ್ದಾಗ, ಸ್ಪ್ಯಾನರ್ ಶಬ್ದದ ಮರೆಯಲ್ಲಿ.

ಅವಳನ್ನು ಮೊದಲು ಹತ್ತಿರದಿಂದ ಕಂಡದ್ದು ಜನವರಿಯಲ್ಲಿ, ಫಿಯಟ್ ಸರ್ವೀಸಿಗೆ ಬಂದ ದಿನ. ಟ್ಯಾಂಕ್ ತೊಳೆಯಬೇಕಿತ್ತು. ನಾನು ರಬ್ಬರ್ ಪೈಪನ್ನು ಒಳಗೆ ಬಿಟ್ಟು, ಬಾಯಲ್ಲಿ ಒಂದು ಸಲ ಎಳೆದು, ಪೆಟ್ರೋಲನ್ನು ಟಿನ್ನಿಗೆ ಇಳಿಸುತ್ತಿದ್ದೆ. ತಲೆ ಎತ್ತಿದರೆ ಹಸಿರು ಸೀರೆ, ಜಡೆಯಲ್ಲಿ ಕನಕಾಂಬರ, ಕೈಯಲ್ಲಿ ನೋಟ್‌ಬುಕ್ಕು.

"ಬಾಯಿಗೆ ಬರಲ್ವಾ?" ಎಂದಳು.

"ಬರೋಕೆ ಮುಂಚೆ ತೆಗೀಬೇಕು."

"ಬಂದ್ರೆ?"

"ಏಲಕ್ಕಿ ಜಗೀಬೇಕು. ವಾಸನೆ ಹೋಗ್ತದೆ."

ಅವಳು ಅದನ್ನು ಎಲ್ಲೋ ಬರೆದಿಟ್ಟುಕೊಂಡವಳ ಹಾಗೆ ತಲೆಯಾಡಿಸಿದಳು. ನನಗೆ ಏನಾಯಿತೋ, ಜಂಬ ಕೊಚ್ಚಬೇಕೆನ್ನಿಸಿತು. "ಇನ್ನು ಆರು ತಿಂಗಳು ಈ ಕಾರು ಗ್ಯಾರೇಜ್ ಕಡೆ ತಲೆ ಹಾಕೋ ಹಾಗಿಲ್ಲ. ಮೈಲೇಜ್ ಇಳಿದ್ರೆ ಮಾತ್ರ ತನ್ನಿ," ಎಂದೆ.

"ಆರು ತಿಂಗಳಾ?" ಎಂದಳು. ಆ ಪ್ರಶ್ನೆಯಲ್ಲಿ ಇದ್ದದ್ದು ಮೆಚ್ಚುಗೆ ಎಂದು ನಾನು ತಿಳಿದೆ.

ಎರಡೇ ವಾರಕ್ಕೆ ಫಿಯಟ್ ರಿಪೇರಿಗೆಂದು ಮರದ ಕೆಳಗೆ ಬಂದು ನಿಂತಿತು, ಜೊತೆಗೆ ನೋಟ್‌ಬುಕ್ಕು ಹಿಡಿದ ಅವಳೂ. ಹದಿಮೂರು ಕೊಡುತ್ತಿದ್ದ ಕಾರು ಹತ್ತಕ್ಕೆ ಇಳಿದಿತ್ತು.

ನನ್ನ ಮುಖ ಸುಟ್ಟ ಹಾಗಾಯಿತು. ಪ್ಲಗ್ ತೆಗೆದು ಉಜ್ಜಿದೆ. ಕಾರ್ಬುರೇಟರ್ ಬಿಚ್ಚಿ ಜೆಟ್ ಊದಿದೆ. ಮುಂದಿನ ಭಾನುವಾರ ಮತ್ತೆ ಹತ್ತು. ಬ್ರೇಕ್ ಕಚ್ಚಿಕೊಂಡಿದೆಯೇ ಎಂದು ನಾಲ್ಕೂ ಚಕ್ರ ಬಿಚ್ಚಿದೆ. ಹತ್ತು. ಟೈರಿನ ಗಾಳಿ, ಫಿಲ್ಟರ್, ಪೆಟ್ರೋಲ್ ಪೈಪಿನ ಒಂದೊಂದು ಕೀಲು ನೋಡಿದೆ. ಸೋರಿಕೆಯ ಕಲೆ ಸಿಕ್ಕೀತೆಂದು ಕಾರಿನ ಕೆಳಗೆ ಹಳೆಯ ಪೇಪರ್ ಹಾಸಿದೆ. ಪೇಪರ್ ಒಣಗಿಯೇ ಇತ್ತು. ಸಂಜೆ ಕಾಲೇಜಿಗೆ ಹೋಗುವಾಗ ಫುಟ್‌ಪಾತಿನಲ್ಲಿ ಕೊಂಡಿದ್ದ ಮೋಟಾರ್ ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಓದಿದೆ. ಪುಸ್ತಕದ ಪ್ರಕಾರ ಕಾರಿಗೆ ಏನೂ ಆಗಿರಲಿಲ್ಲ.

"ಗಾಡಿ ಸರಿಯಿದೆ ಕಣಪ್ಪಾ, ಜಾತಿಯೇ ಅಷ್ಟು," ಎಂದು ಪಿಳ್ಳಪ್ಪನವರು ಮೀಸೆಯಲ್ಲೇ ನಗುವರು. "ಇಲ್ಲಾಂದ್ರೆ ಈ ಸಂಜೆ ಕಾಲೇಜ್ ಎಂಜಿನಿಯರ್ ಕೈಗುಣ."

ಅವರು ಹೇಳಿದ ಎರಡನೆಯದೇ ನಿಜವಿರಬಹುದು ಎಂದು ನನಗೇ ಅನ್ನಿಸತೊಡಗಿತ್ತು.

ಆದರೆ ಅದೇ ಹಾಳು ಭಾನುವಾರಗಳಿಗಾಗಿ ನಾನು ಸೋಮವಾರದಿಂದ ಕಾಯುತ್ತಿದ್ದೆ. ನಾನು ಬಾನೆಟ್ ಒಳಗೆ ತಲೆ ತೂರಿಸಿದರೆ ಅವಳು ಬಂದು ಪಕ್ಕದಲ್ಲಿ ನಿಲ್ಲುವಳು. ನಾನು ಸ್ಟೇರಿಂಗ್ ಹಿಂದೆ ಕೂತು ಎಕ್ಸಿಲರೇಟರ್ ಒತ್ತಿದರೆ ಒಳಗಿನ ಕನ್ನಡಿಯಲ್ಲಿ ಅವಳ ಕಣ್ಣು ಸಿಗುವುದು. ಒಮ್ಮೆ ಸಿಕ್ಕರೆ ತಕ್ಷಣ ಓಡುವುದಿಲ್ಲ. ಮೊದಲು ಒಂದು ಹುಬ್ಬು ಏರುವುದು, ಆಮೇಲೆ ತುಟಿಯ ಒಂದು ಮೂಲೆ, ಆಮೇಲೆ ಕಣ್ಣು ನೋಟ್‌ಬುಕ್ಕಿಗೆ ಇಳಿಯುವುದು.

"ಏನ್ ಮೇಸ್ತ್ರಿಗಳೇ, ಇವತ್ತಾದ್ರೂ ಕಾಯಿಲೆ ಸಿಕ್ತಾ?"

"ಸಿಕ್ಕಿಲ್ಲ ಅಮ್ಮಾವ್ರೆ."

"ಸಿಗೋ ತನಕ ಬಿಡಬೇಡಿ. ನಿಧಾನಕ್ಕೆ ಹುಡುಕಿ."

ಹತ್ತಿರ ಬಂದಾಗ ಅವಳಿಂದ ಏಲಕ್ಕಿಯ ಪರಿಮಳ ಬರುತ್ತಿತ್ತು. ಅದರ ಅಡಿಯಲ್ಲಿ ಒಂದು ಎಳೆ ಪೆಟ್ರೋಲ್ ವಾಸನೆ. ಅದು ನನ್ನದೇ ಮೈಯಿಂದ ಬರುತ್ತಿದೆ ಎಂದು ನಾಚಿ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ನಾನು ಸರಿದಷ್ಟೂ ಅವಳ ಮುಖ ಸಣ್ಣಗಾಗುತ್ತಿತ್ತು. ಕಾರಣ ತಿಳಿಯುತ್ತಿರಲಿಲ್ಲ.

ಹೇಳಿಬಿಡಬೇಕು ಎಂದು ಎಷ್ಟು ಸಲ ಹೊರಟೆನೋ. ಐದನೆಯ ಭಾನುವಾರ ಬಾಯಿಯವರೆಗೆ ಬಂದಿತ್ತು. "ಅಮ್ಮಾವ್ರೆ, ನಾನು ಒಂದು ಮಾತು..." ಎಂದೆ. ಅವಳು ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡು ನಿಂತಳು. ಅಷ್ಟರಲ್ಲಿ ಹಿಂದಿನಿಂದ ಪಿಳ್ಳಪ್ಪನವರ ದನಿ: "ಏನಯ್ಯಾ ರಾಮಾಂಜಿ, ಫ್ಯಾನ್ ಬೆಲ್ಟ್ ಯಾವುದಕ್ಕೆ ಜಾಸ್ತಿ ದಿನ ಬರ್ತದೆ? ಇವನದಕ್ಕೋ ನಂದಕ್ಕೋ? ನೀನೇ ಹೇಳು, ನೀನು ಸುಳ್ಳು ಹೇಳೋನಲ್ಲ." ಅರ್ಧ ಗಂಟೆ ಫ್ಯಾನ್ ಬೆಲ್ಟಿನ ಮಾತಾಯಿತು. ತಿರುಗಿ ನೋಡಿದರೆ ಅವಳು ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡಿದ್ದಳು.

ಒಂಬತ್ತನೆಯ ಭಾನುವಾರ ಚಿಕ್ಕವೆಂಕಟಪ್ಪನವರು ಬೆಂಚಿನ ಮೇಲೆ ಕೂರಲೂ ಇಲ್ಲ.

"ಮಾರಿಬಿಡ್ತೀನಿ ಅಪ್ಪಯ್ಯಣ್ಣ. ಬೆಂಗಳೂರಿಂದ ಬ್ರೋಕರ್ ನಾಳೆ ಬರ್ತಾನೆ. ಪಿಳ್ಳಪ್ಪನ ಭಾವಮೈದಂದು ಚಿಂತಾಮಣೀಲಿ ಒಂದು ಅಂಬಾಸಡರ್ ಇದೆ, ಡ್ರೈವರ್ ಸಮೇತ. ಒಂಬತ್ತೇ ಕೊಟ್ರೂ ಗೂಡಾದ್ರೂ ಹೇರ್ಬೋದು. ಅದರ ಕೆಲಸ ಎಲ್ಲಾ ಅಲ್ಲೇ ಆಗ್ತದೆ."

ನನಗೆ ಕೇಳಿಸಿದ್ದು ಒಂದೇ: ಇನ್ನು ಭಾನುವಾರಗಳಿಲ್ಲ. ಮುತ್ಯಾಲುವಿನ ಕಡೆ ನೋಡಿದೆ. ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಅಪ್ಪಾ, ಏಳು ವರ್ಷ ಕಾದು ತಂದಿದ್ದು," ಎಂದಳು.

"ಏಳು ವರ್ಷ ಕಾದಿದ್ದು ಹತ್ತಕ್ಕೇನಮ್ಮಾ?"

ನಾನು ಸಾಮಾನ್ಯವಾಗಿ ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕುವವನಲ್ಲ. ಅವತ್ತು ಹಾಕಿದೆ. "ಯಜಮಾನ್ರೆ, ಮಾರೋಕೆ ಮುಂಚೆ ಒಂದು ಸಲ ಬಾಟ್ಲಿ ಟೆಸ್ಟ್ ಮಾಡಿಬಿಡೋಣ. ಟ್ಯಾಂಕ್ ಬಂದ್ ಮಾಡಿ, ಒಂದು ಲೀಟರ್ ಬಾಟ್ಲಿಯಿಂದ ಪೈಪ್ ಕೊಟ್ಟು ಓಡ್ಸೋದು. ಎಲ್ಲಿ ನಿಲ್ತದೋ ಅದೇ ಮೈಲೇಜ್. ಹತ್ತು ಬಂದ್ರೆ ಮಾರಿ, ನಾನೂ ಈ ಕೆಲಸ ಬಿಡ್ತೀನಿ."

"ಬೇಡ!" ಎಂದಳು ಮುತ್ಯಾಲು, ಎಲ್ಲರಿಗಿಂತ ಮೊದಲು.

ಚಿಕ್ಕವೆಂಕಟಪ್ಪನವರು ಮಗಳನ್ನು ಒಂದು ಗಳಿಗೆ ನೋಡಿ, "ಮಾಡಪ್ಪಾ. ಆದ್ರೆ ನಾನು ಕೂತ್ರೆ ತೂಕ ಜಾಸ್ತಿ. ಬಾಟ್ಲಿ ಇವಳು ಹಿಡ್ಕೊಳ್ಳಲಿ. ನಾವು ಪಿಳ್ಳಪ್ಪನ ಗಾಡೀಲಿ ಹಿಂದೆ ಬರ್ತೀವಿ," ಎಂದರು.

ಡಾಕ್ಟರು ಆಸ್ಪತ್ರೆಯಿಂದ ಗೀಟು ಹಾಕಿದ ಲೀಟರ್ ಬಾಟಲಿ ಕೊಟ್ಟರು. ಪೈಪನ್ನು ಬಾನೆಟ್ ಸಂದಿಯಿಂದ ಎಳೆದು, ಎಡಗಡೆಯ ಸಣ್ಣ ಗಾಜಿನ ಮೂಲಕ ಒಳಗೆ ತಂದೆ. ಅವಳು ಮುಂದಿನ ಸೀಟಿನಲ್ಲಿ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂತಳು.

ದೇವನಹಳ್ಳಿ ರಸ್ತೆ. ಎರಡೂ ಕಡೆ ಹಿಪ್ಪುನೇರಳೆ ತೋಟ. ಕನ್ನಡಿಯಲ್ಲಿ ಅಂಬಾಸಡರ್. ಒಂದು ಕಿಲೋಮೀಟರ್, ಎರಡು, ನಾಲ್ಕು. ಒಂಬತ್ತು ವಾರ ನಾನು ಬೇಡಿದ ಏಕಾಂತ ಸಿಕ್ಕಿತ್ತು. ನನ್ನ ಬಾಯಲ್ಲಿ ಬಂದದ್ದು ಮಾತ್ರ, "ಬಾಟ್ಲಿ ಸ್ವಲ್ಪ ಮೇಲೆ ಹಿಡೀರಿ."

"ಕೈ ನೋಯ್ತದೆ."

"ಏಳೆಂಟು ನಿಮಿಷ. ಹತ್ತಕ್ಕೆ ನಿಲ್ತದೆ."

ಆರನೆಯ ಕಲ್ಲಿನ ಹತ್ತಿರ ಒಂದು ದೊಡ್ಡ ಕುರಿಹಿಂಡು ರಸ್ತೆಗೆ ಇಳಿಯಿತು. ನಾವು ದಾಟಿದೆವು, ಅಂಬಾಸಡರ್ ಹಿಂದೆ ಸಿಕ್ಕಿಕೊಂಡಿತು. ಪಿಳ್ಳಪ್ಪನವರ ಹಾರ್ನ್ ದೂರವಾಗುತ್ತ ಬಂತು.

ಎಂಟು. ಒಂಬತ್ತು. ಬಾಟಲಿಯಲ್ಲಿ ಇನ್ನೂ ಕಾಲು ಭಾಗಕ್ಕಿಂತ ಹೆಚ್ಚಿತ್ತು.

"ಇಲ್ಲೇ ನಿಲ್ಲಿಸಿಬಿಡಿ," ಎಂದಳು.

"ನಿಲ್ಲಿಸೋದು ನಾನಲ್ಲ. ಅದಾಗೇ ನಿಲ್ಬೇಕು."

ಹತ್ತು. ಕಾರು ನಿಲ್ಲಲಿಲ್ಲ. ಇಂಜಿನ್ ತಂಬೂರಿಯ ಹಾಗೆ ಒಂದೇ ಶ್ರುತಿಯಲ್ಲಿ ಹಾಡುತ್ತಿತ್ತು. ನನ್ನ ಎದೆಯೊಳಗಿನ ಒಂದು ಕಲ್ಲು ಜರುಗಿತು. ನನ್ನ ಕೈ ಸರಿಯಿದೆ, ನನ್ನ ಕೈ ಸರಿಯಿದೆ. ಪಕ್ಕಕ್ಕೆ ತಿರುಗಿದರೆ ಅವಳ ಕಣ್ಣಲ್ಲಿ ನೀರು.

"ಬಾಟ್ಲಿ ಚೆಲ್ಲಿಬಿಡ್ಲಾ?" ಎಂದಳು ಮೆಲ್ಲಗೆ. "ಕೈ ಜಾರ್ತು ಅಂತ ಹೇಳ್ತೀನಿ."

ಹನ್ನೊಂದು. ಕಾರಿನೊಳಗೆ ಏಲಕ್ಕಿಯ ಪರಿಮಳ. ಅದರ ಅಡಿಯಲ್ಲಿ ಪೆಟ್ರೋಲ್. ಬಾಟಲಿಯದೇ ಇರಬಹುದು. ಆದರೆ ಒಂಬತ್ತು ಭಾನುವಾರ ಬಾಟಲಿ ಎಲ್ಲಿತ್ತು? ಕಾಯಿಲೆ ಎಲ್ಲಿದೆ ಎಂದು ನನಗೆ ಹನ್ನೆರಡನೆಯ ಕಲ್ಲು ದಾಟುವಾಗ ತಿಳಿಯಿತು.

ಹದಿಮೂರು ದಾಟಿ ಸ್ವಲ್ಪ ದೂರಕ್ಕೆ, ದೇವನಹಳ್ಳಿ ಕೋಟೆಯ ಗೋಡೆ ಕಾಣುವಲ್ಲಿ, ಇಂಜಿನ್ ಎರಡು ಸಲ ಬಿಕ್ಕಿ ನಿಂತಿತು.

"ಪೈಪ್ ಹಾಕಿ ತೆಗೀತಿದ್ರಾ?" ಎಂದೆ.

"ಹೂಂ. ಭಾನುವಾರ ಬೆಳಗ್ಗೆ, ಅಪ್ಪ ಸ್ನಾನಕ್ಕೆ ಹೋದಾಗ. ನೀವೇ ಹೇಳಿಕೊಟ್ಟಿದ್ದು."

"ಚೆಲ್ಲಿಬಿಟ್ರಾ?"

"ಒಂದು ಹನಿ ಚೆಲ್ಲಿಲ್ಲ! ಹಳೇ ಕೊಟ್ಟಿಗೇಲಿ ಟಿನ್ನಿದೆ. ಗೋಣಿ ಮುಚ್ಚಿದೀನಿ."

ಆಗ ನನಗೆ ಸಿಟ್ಟು ಬಂತು. ನಿಜವಾದ ಸಿಟ್ಟು. "ಒಲೆ ಉರಿಯೋ ಮನೇಲಿ ಪೆಟ್ರೋಲಾ! ಒಂಬತ್ತು ವಾರ ನಾನು ಆ ಕಾರನ್ನ ಎಷ್ಟು ಸಲ ಬಿಚ್ಚಿದೆ ಗೊತ್ತಾ? ನನ್ನ ಕೈಯೇ ಕೆಟ್ಟಿದೆ ಅಂದ್ಕೊಂಡೆ. ಕೆಲಸ ಬಿಡ್ತೀನಿ ಅಂತ ಅಪ್ಪಯ್ಯಣ್ಣಂಗೆ ಆಗ್ಲೇ ಹೇಳಿದ್ದೆ."

"ನಿಜವಾಗ್ಲೂ ಕೆಲಸ ಬಿಡ್ತಿದ್ರಾ?" ಅವಳಿಗೂ ಸಿಟ್ಟು ಏರಿತು. "ನೀವು ಹೋಗಿಬಿಟ್ಟಿದ್ರೆ ನಾನು ಯಾರಿಗೋಸ್ಕರ ಪೆಟ್ರೋಲ್ ಕುಡೀತಿದ್ದೆ? ಆರು ತಿಂಗಳು ಬರಬೇಡಿ ಅಂದೋರು ಯಾರು? ಬಂದ್ರೆ ಎರಡು ಹೆಜ್ಜೆ ದೂರ ಹೋಗ್ತೀರ. ಒಂದು ಮಾತು ಅಂತೀರ, ಫ್ಯಾನ್ ಬೆಲ್ಟ್ ಅಂತೀರ!"

ಖಾಲಿ ಬಾಟಲಿ ಇನ್ನೂ ಅವಳ ಕೈಯಲ್ಲಿ ಮೇಲೆಯೇ ಇತ್ತು. ನಾನು ಅದನ್ನು ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಬಾಟಲಿ ಬಿಟ್ಟಳು, ಬೆರಳು ಬಿಡಲಿಲ್ಲ.

"ದೂರ ಹೋಗಿದ್ದು ನನ್ನ ಮೈ ಪೆಟ್ರೋಲ್ ವಾಸನೆ ಅಂತ," ಎಂದೆ.

ಅವಳು ನನ್ನನ್ನು ನೋಡಿದಳು. ಆಮೇಲೆ ಅಳುತ್ತಲೇ ನಕ್ಕುಬಿಟ್ಟಳು. "ಅಯ್ಯೋ ದೇವ್ರೇ. ಅದು ನಂದು ಕಣ್ರೀ."

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಕನ್ನಡಿಯಲ್ಲಿ ದೂರದ ಧೂಳು ಕಂಡಿತು.

"ಹತ್ತು ಅಂತ ಬರೀರಿ," ಎಂದಳು. "ಮೀಟರ್ ಸರಿಯಾಗಿ ನೋಡಿರಲಿಲ್ಲ, ಊರಾಚೆ ಶುರು ಮಾಡಿದ್ವಿ ಅಂತ ಏನಾದ್ರೂ ಹೇಳಿ. ಕಾರು ಹೋದ್ರೆ ಹೋಗ್ಲಿ. ಅಪ್ಪನ ಮುಂದೆ ನಾನು ಕಳ್ಳಿ ಆಗ್ಲಾರೆ."

"ಕಾರು ಹೋದ್ರೆ ಭಾನುವಾರ?"

ಅವಳು ನೋಟ್‌ಬುಕ್ಕನ್ನು ನನ್ನ ಕಡೆ ನೂಕಿದಳು.

ನಾನು ಧೈರ್ಯವಂತನಲ್ಲ. ಹತ್ತು ಎಂದು ಬರೆಯಲು ಆಗಲಿಲ್ಲ, ಅಷ್ಟೇ. ನೋಟ್‌ಬುಕ್ಕಿನಲ್ಲಿ ಅವಳ ದುಂಡನೆಯ ಅಕ್ಷರಗಳ ಕೆಳಗೆ ನನ್ನ ಸೊಟ್ಟ ಅಕ್ಷರದಲ್ಲಿ ಹದಿಮೂರು ಪಾಯಿಂಟ್ ನಾಲ್ಕು ಎಂದು ಬರೆದೆ.

ಅಂಬಾಸಡರ್ ಬಂದು ನಿಂತಿತು. ಚಿಕ್ಕವೆಂಕಟಪ್ಪನವರು ಇಳಿದು, ಮೀಟರ್ ನೋಡಿ, ನೋಟ್‌ಬುಕ್ ನೋಡಿ, ಪಿಳ್ಳಪ್ಪನವರ ಮುಖಕ್ಕೆ ಹಿಡಿದರು. ಪಿಳ್ಳಪ್ಪನವರು ಮೀಸೆ ತಿರುವುವುದನ್ನು ನಿಲ್ಲಿಸಿದರು. ಆಮೇಲೆ ಚಿಕ್ಕವೆಂಕಟಪ್ಪನವರ ಕಣ್ಣು ನನ್ನ ಮೇಲೆ ಬಿತ್ತು.

"ಗಾಡಿ ಹದಿಮೂರು ಕೊಡ್ತದೆ. ಹಾಗಾದ್ರೆ ಒಂಬತ್ತು ವಾರ ಪೆಟ್ರೋಲ್ ಎಲ್ಲೋಯ್ತು?"

"ನನ್ನಿಂದ ಹೋಯ್ತು ಯಜಮಾನ್ರೆ." ಅದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

"ಕದ್ಯೇನೋ?" ಎಂದರು ಪಿಳ್ಳಪ್ಪನವರು.

ಸುಳ್ಳು ಹೇಳುವವನಲ್ಲ ಎಂಬ ಒಂದೇ ಹೆಸರು ನನಗೆ ಆ ಊರಲ್ಲಿದ್ದದ್ದು. ಅದು ಹೋಗುತ್ತಿರುವುದು ನನಗೆ ಕೇಳಿಸುತ್ತಿತ್ತು.

"ಅವರಲ್ಲ ಅಪ್ಪಾ," ಎಂದಳು ಮುತ್ಯಾಲು. "ನಾನು. ಕಾರು ಕೆಟ್ರೆ ಮಾತ್ರ ಬನ್ನಿ ಅಂದಿದ್ರು ಇವರು. ಅದಕ್ಕೆ ಕೆಡಿಸ್ದೆ."

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಅದರ ಧೂಳಿನೊಳಗೇ ಚಿಕ್ಕವೆಂಕಟಪ್ಪನವರು ನೋಟ್‌ಬುಕ್ ಮುಚ್ಚಿದರು.

"ಮನೆಗೆ ನಡೀರಿ," ಎಂದರು ಚಿಕ್ಕವೆಂಕಟಪ್ಪನವರು. ಅಷ್ಟೇ. ಟ್ಯಾಂಕಿನ ಪೈಪ್ ಮತ್ತೆ ಜೋಡಿಸಿ ನಾನೇ ಕಾರು ಓಡಿಸಿದೆ. ಅವರು ನನ್ನ ಪಕ್ಕ ಕೂತು ದಾರಿಯುದ್ದಕ್ಕೂ ಎಲೆಅಡಿಕೆ ಜಗಿದರು. ಅವಳು ಹಿಂದೆ. ಕನ್ನಡಿಯಲ್ಲಿ ನೋಡುವ ಧೈರ್ಯ ನನಗಾಗಲಿಲ್ಲ.

ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ ಅವಳು ಗೋಣಿ ಸರಿಸಿದಳು. ಸೀಮೆಎಣ್ಣೆಯ ಹದಿನೆಂಟು ಲೀಟರಿನ ಟಿನ್ನು. ಅವಳ ತಾಯಿ ನರಸಮ್ಮನವರೂ ಬಾಯಿ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಚಿಕ್ಕವೆಂಕಟಪ್ಪನವರು ಬಾಗಿ ಟಿನ್ನಿನ ಮುಚ್ಚಳ ತೆಗೆದು ನೋಡಿದರು, ಮುಚ್ಚಿದರು.

"ಮೇಸ್ತ್ರಿ," ಎಂದರು. "ನಿಮ್ಮ ತಾಯಿ ಎಲ್ಲಿರೋದು?"

"ಅನುಗೊಂಡನಹಳ್ಳೀಲಿ, ಯಜಮಾನ್ರೆ."

"ಮುಂದಿನ ಭಾನುವಾರ ಕರ್ಕೊಂಡು ಬಾ. ಬಸ್ಸಲ್ಲಿ ಬೇಡ. ಈ ಪೆಟ್ರೋಲ್ ಹಾಕ್ಕೊಂಡು ಹೋಗು."

ಬೀದಿ ಬಾಗಿಲಿಂದ ಪಿಳ್ಳಪ್ಪನವರು ಕೂಗಿದರು: "ಹೆಣ್ಣು ಕೇಳೋಕೆ ಬರೋರು ಫಿಯಟ್ಟಲ್ಲಿ ಹಿಡಿಸಲ್ಲ ಕಣ್ರೀ! ನನ್ನ ಅಂಬಾಸಡರ್ ಕಳಿಸ್ಲಾ?"

ಮುತ್ಯಾಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಒಂದು ಹುಬ್ಬು ಏರಿತು. ಈ ಸಲ ನಾನು ಹಿಂದೆ ಸರಿಯಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕು. ಆದರೆ ಒಂದು ಮಾತು ಬರೆಯದಿದ್ದರೆ ಜಾಬ್ ಕಾರ್ಡು ಅರ್ಧ ತುಂಬಿದ ಹಾಗೆ. ಅವತ್ತು ಟಿನ್ನನ್ನು ಎತ್ತಿ ಹೊರಗಿಡಲು ಹೋದವನು ನಾನು. ಅದು ಅಂಚಿನವರೆಗೂ ತುಂಬಿತ್ತು. ಮುತ್ಯಾಲು ನನ್ನ ಕಿವಿಯ ಹತ್ತಿರ ಬಂದು, "ರೀ, ಇದು ಅರ್ಧ ಇರಬೇಕಿತ್ತು. ನಾನು ತೆಗೆದಿದ್ದು ವಾರಕ್ಕೆ ಒಂದೇ ಲೀಟರ್. ಕತ್ತಲೆ ಕೊಟ್ಟಿಗೆ, ಸುರಿದು ಓಡಿಬರ್ತಿದ್ದೆ, ಒಳಗೆ ನೋಡಿರಲಿಲ್ಲ," ಎಂದಳು. ನೋಟ್‌ಬುಕ್ ನೋಡಿದೆ. ಹದಿಮೂರು ಹತ್ತಕ್ಕೆ ಇಳಿಯಲು ವಾರಕ್ಕೆ ಎರಡು ಲೀಟರ್ ಹೋಗಬೇಕು.

ಅವಳು ಎಣಿಕೆ ತಪ್ಪುವವಳಲ್ಲ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಲ್ಲ. ಅವತ್ತು ಮಾವನವರ ಮುಖ ನೋಡಿದೆ, ಅತ್ತೆಯವರ ಮುಖ ನೋಡಿದೆ. ಇಬ್ಬರ ಬಾಯಲ್ಲೂ ಎಲೆಅಡಿಕೆ, ಎಂದಿನ ಹಾಗೆ. ಆಮೇಲೂ ಕೇಳಬೇಕೆಂದು ಎಷ್ಟೋ ಸಲ ಹೊರಟೆ, ಕೇಳಲಿಲ್ಲ. ಈಗ ಇಬ್ಬರೂ ಇಲ್ಲ. ಉಳಿದ ಒಂಬತ್ತು ಲೀಟರ್ ತೆಗೆದವರು ಯಾರು ಎಂಬುದು ನನಗೆ ಗೊತ್ತಿಲ್ಲ.